ಒಬ್ಬರೇ ಮಾಡುವ ಅರ್ಧ ಗಂಟೆಯ ಹಾರರ್ ಗೇಮ್: ದೆವ್ವ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೆ, ಯಾರೂ ಹೆದರಲ್ಲ. ಏನು ಮಾಡೋದು?

ಪ್ರಶ್ನೆ

ಗೊಡೋ 4 ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದು ಪುಟ್ಟ ಹಾರರ್ ಗೇಮ್, ಕೋಡ್‌ನಿಂದ ಸೌಂಡ್‌ವರೆಗೆ ಒಬ್ಬನದೇ ಕೆಲಸ. ಫಸ್ಟ್ ಪರ್ಸನ್, ಒಂದೇ ಮನೆ, ಒಂದೇ ದೆವ್ವ, ಆಟ ಸುಮಾರು ಅರ್ಧ ಗಂಟೆ. ನಡಿಗೆ, ಬಾಗಿಲು, ಟಾರ್ಚ್ ಎಲ್ಲ ಸರಿಯಾಗಿವೆ. ಆದರೆ ದೆವ್ವ ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಒದ್ದಾಡುತ್ತೆ, ಆಡಿದವರು ಯಾರೂ ಹೆದರುತ್ತಿಲ್ಲ. ಇಂಥ ಗೇಮ್ ಮಾಡಿ ಬಿಡುಗಡೆ ಮಾಡಿದವರು ಏನು ಸರಿಮಾಡಬೇಕು ಅಂತ ಬಿಡಿಸಿ ಹೇಳ್ತೀರಾ?

ಉತ್ತರ 1

ಬಾಗಿಲಿನ ತೊಂದರೆಗೆ ಕಾರಣ ನೂರಕ್ಕೆ ತೊಂಬತ್ತು ಪಾಲು ನ್ಯಾವಿಗೇಶನ್ ಮೆಶ್ (ದೆವ್ವ ಎಲ್ಲೆಲ್ಲಿ ನಡೆಯಬಹುದು ಅನ್ನುವ ನಕ್ಷೆ) ಸೆಟಿಂಗ್. ಏಜೆಂಟ್ ರೇಡಿಯಸ್, ಅಂದರೆ ಗೋಡೆಯಿಂದ ದೆವ್ವಕ್ಕೆ ಬಿಡುವ ಅಂತರ, ಡೀಫಾಲ್ಟ್ 0.5 ಮೀಟರ್. ಎರಡೂ ಬದಿಗೆ ಅಷ್ಟಷ್ಟು ಬಿಟ್ಟರೆ 0.9 ಮೀಟರ್ ಬಾಗಿಲಲ್ಲಿ ದಾರಿಯೇ ಉಳಿಯಲ್ಲ. ಇದನ್ನು 0.3ಕ್ಕೆ ಇಳಿಸಿದರೂ ಕೆಲವರಿಗೆ ಸರಿಹೋಗಲ್ಲ. ಯಾಕೆಂದರೆ ಬೇಕ್ ಮಾಡುವಾಗ (ಆ ನಕ್ಷೆಯನ್ನು ಲೆಕ್ಕಹಾಕಿ ತಯಾರಿಸುವಾಗ) ರೇಡಿಯಸ್ಸನ್ನು ಸೆಲ್ ಸೈಜ್‌ನ (ನಕ್ಷೆಯ ಒಂದು ಚೌಕದ ಅಳತೆಯ) ಗುಣಕಕ್ಕೆ ಮೇಲಕ್ಕೆ ಸರಿಹೊಂದಿಸುತ್ತದೆ. ಸೆಲ್ ಸೈಜ್ 0.25 ಇದ್ದರೆ ನಿಮ್ಮ 0.3 ಮತ್ತೆ 0.5 ಆಗಿ ಕೂತಿರುತ್ತೆ. ಸೆಲ್ ಸೈಜ್ 0.1 ಮಾಡಿ, ಪ್ರಾಜೆಕ್ಟ್ ಸೆಟಿಂಗ್ಸ್‌ನಲ್ಲಿ ನ್ಯಾವಿಗೇಶನ್ ಮ್ಯಾಪ್‌ನ ಸೆಲ್ ಸೈಜನ್ನೂ ಅದಕ್ಕೇ ಹೊಂದಿಸಿ, ಮತ್ತೆ ಬೇಕ್ ಮಾಡಿ. ಡೀಬಗ್ ಮೆನುವಿನಲ್ಲಿ ನ್ಯಾವಿಗೇಶನ್ ಕಾಣುವ ಹಾಗೆ ಮಾಡಿದರೆ ಹೊಸ್ತಿಲ ಮೇಲೆ ಬಣ್ಣದ ಪಟ್ಟಿ ತುಂಡಾಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ.

ಪಟ್ಟಿ ಸರಿಯಿದ್ದೂ ದೆವ್ವ ಚೌಕಟ್ಟಿಗೆ ಉಜ್ಜುತ್ತಿದ್ದರೆ ಪಾತ್ ಡಿಸೈರ್ಡ್ ಡಿಸ್ಟೆನ್ಸ್ ನೋಡಿ. ಅದು 1 ಮೀಟರ್ ಇರುತ್ತೆ, ಅಂದರೆ ತಿರುವಿಗೆ ಒಂದು ಮೀಟರ್ ಇರುವಾಗಲೇ ದೆವ್ವ ಮುಂದಿನ ಬಿಂದುವಿನತ್ತ ತಿರುಗಿಬಿಡುತ್ತೆ. 0.3–0.4 ಸಾಕು. ಬಾಗಿಲ ರೆಕ್ಕೆಯನ್ನು ಬೇಕ್‌ನಿಂದ ಹೊರಗಿಡಿ, ಇಲ್ಲದಿದ್ದರೆ ಮುಚ್ಚಿದ ಬಾಗಿಲು ಗೋಡೆಯೆಂದೇ ಲೆಕ್ಕವಾಗುತ್ತೆ. ಆಟ ಶುರುವಾದ ಮೊದಲ ಫಿಸಿಕ್ಸ್ ಫ್ರೇಮ್‌ನಲ್ಲಿ ಮ್ಯಾಪ್ ಸಿದ್ಧವಿರಲ್ಲ; ಒಂದು ಫ್ರೇಮ್ ಕಾದು ಆಮೇಲೆ ಗುರಿ ಕೊಡಿ.

ಇನ್ನೊಂದು ಮಾತು. ನಿಜವಾದ ಮನೆಯ ಅಳತೆ ಗೇಮ್‌ನಲ್ಲಿ ಉಸಿರುಗಟ್ಟಿಸುತ್ತೆ. ಕಣ್ಣಿನ ಎತ್ತರ 1.65, ಪ್ಲೇಯರ್ ಕ್ಯಾಪ್ಸೂಲ್ (ಆಡುವವರ ದೇಹದ ಬದಲಿಗಿರುವ ಮಾತ್ರೆಯಾಕಾರ) ರೇಡಿಯಸ್ 0.35 ಇಟ್ಟುಕೊಂಡರೆ ಬಾಗಿಲು 1.2 ಮೀಟರ್, ಕಾರಿಡಾರ್ 1.8 ಮೀಟರ್ ಅಗಲ ಇರಲಿ. ಆಡುವವರಿಗೆ ಆಗಲೂ ಇಕ್ಕಟ್ಟು ಅಂತಲೇ ಅನ್ನಿಸುತ್ತೆ.

ಉತ್ತರ 2

ಹೆದರಿಕೆ ಹುಟ್ಟಲ್ಲ ಅಂದವರ ಗೇಮ್ ತೆರೆದು ನೋಡಿದರೆ ಸಾಮಾನ್ಯವಾಗಿ ಒಂದೇ ಮ್ಯೂಸಿಕ್ ಫೈಲ್ ಲೂಪ್ ಆಗುತ್ತಿರುತ್ತೆ. ಅರ್ಧದಷ್ಟು ಸಮಯ ಸೌಂಡ್‌ಗೇ ಮೀಸಲಿಡಿ, ಮಾಡೆಲಿಂಗ್ ಕಡಿಮೆಯಾದರೂ ಪರವಾಗಿಲ್ಲ.

ಹಿನ್ನೆಲೆಗೆ ಬೇರೆಬೇರೆ ಉದ್ದದ ಎರಡು ಲೂಪ್ ಹಾಕಿ, ಒಂದು 47 ಸೆಕೆಂಡ್, ಇನ್ನೊಂದು 61. ಎರಡೂ ಒಟ್ಟಿಗೆ ಮೊದಲಿನಿಂದ ಶುರುವಾಗಲು 2867 ಸೆಕೆಂಡ್ ಬೇಕು, ಅಷ್ಟರಲ್ಲಿ ನಿಮ್ಮ ಗೇಮೇ ಮುಗಿದಿರುತ್ತೆ. ಅದರ ಮೇಲೆ ಮರ ಕಿರುಗುಟ್ಟುವುದು, ನಲ್ಲಿ ತೊಟ್ಟಿಕ್ಕುವುದು ಇಂಥ ಬಿಡಿ ಸದ್ದುಗಳು 15ರಿಂದ 40 ಸೆಕೆಂಡಿನ ನಡುವೆ ಯಾವಾಗಲಾದರೂ ಬರಲಿ. ಲೂಪ್‌ಗೆ ಎಂಪಿ3 ಬೇಡ. ಎನ್‌ಕೋಡ್ ಆಗುವಾಗ ಫೈಲಿನ ತುದಿಗೆ ಸಣ್ಣ ಮೌನ ಸೇರಿಕೊಂಡು ಪ್ರತಿ ಸುತ್ತಿಗೂ ‘ಟಕ್’ ಅನ್ನುತ್ತೆ. ಓಜಿಜಿ ಅಥವಾ ವೇವ್ ಬಳಸಿ. ದಿಕ್ಕು ಗೊತ್ತಾಗಬೇಕಾದ ಸದ್ದೆಲ್ಲ ಮೋನೋ (ಒಂದೇ ಚಾನೆಲ್) ಇರಲಿ.

ಹೆಜ್ಜೆ ಸದ್ದನ್ನು ಟೈಮರ್‌ಗೆ ಕಟ್ಟಬೇಡಿ, ನಡೆದ ದೂರಕ್ಕೆ ಕಟ್ಟಿ. ಸೆಕೆಂಡಿಗೆ 2 ಮೀಟರ್ ನಡಿಗೆಗೆ ಮೀಟರಿಗೊಂದು ಹೆಜ್ಜೆ ಸರಿಹೋಗುತ್ತೆ. ನಾಲ್ಕೈದು ಸ್ಯಾಂಪಲ್‌ಗಳನ್ನು ಆಡಿಯೋಸ್ಟ್ರೀಮ್ ರ‍್ಯಾಂಡಮೈಸರ್‌ಗೆ (ಪ್ರತಿ ಸಲ ಯಾವುದಾದರೂ ಒಂದನ್ನು ಆರಿಸುವ ಸಾಧನ) ಹಾಕಿ, ಪಿಚ್ ಸ್ವಲ್ಪವೇ ಏರುಪೇರಾಗಲಿ.

ಗೊಡೋದಲ್ಲಿ 3ಡಿ ಸದ್ದಿಗೆ ಗೋಡೆ ಅಂದರೆ ಏನೂ ಅಲ್ಲ, ಪಕ್ಕದ ಕೋಣೆಯ ದೆವ್ವವೂ ಎದುರಿಗೇ ಇದ್ದಂತೆ ಕೇಳುತ್ತೆ. ಪ್ರತಿ 0.2 ಸೆಕೆಂಡಿಗೆ ದೆವ್ವದಿಂದ ಕ್ಯಾಮೆರಾಗೆ ಒಂದು ರೇಕಾಸ್ಟ್ (ನಡುವೆ ಏನಾದರೂ ಅಡ್ಡ ಇದೆಯೇ ಅಂತ ನೋಡುವ ಕಾಣದ ಗೆರೆ) ಬಿಡಿ. ನಡುವೆ ಗೋಡೆ ತಗುಲಿದರೆ ಸದ್ದನ್ನು ಸುಮಾರು 900 ಹರ್ಟ್ಸ್ ಲೋ-ಪಾಸ್ ಫಿಲ್ಟರ್ (ತೀಕ್ಷ್ಣ ಸದ್ದು ತಡೆದು ಮಂದವಾಗಿಸುವುದು) ಇರುವ ಬಸ್‌ಗೆ, ಅಂದರೆ ಬೇರೆ ಆಡಿಯೋ ಹಾದಿಗೆ, ಬದಲಿಸಿ, 6 ಡೆಸಿಬಲ್ ಇಳಿಸಿ. ಇದೊಂದೇ ಬದಲಾವಣೆಗೆ ಆಡುವವರು ಬಾಗಿಲ ಮುಂದೆ ನಿಂತು ಕಿವಿಗೊಡಲು ಶುರುಮಾಡುತ್ತಾರೆ.

ಬೆಚ್ಚಿಬೀಳಿಸುವ ಸದ್ದಿಗೆ 2–3 ಸೆಕೆಂಡ್ ಮುಂಚೆ ಹಿನ್ನೆಲೆಯನ್ನು ಪೂರ್ತಿ ಇಳಿಸಿ. ಆಮೇಲೆ ಆ ಸದ್ದು ಮೊದಲಿದ್ದ ಹಿನ್ನೆಲೆಗಿಂತ 10–12 ಡೆಸಿಬಲ್ ಜಾಸ್ತಿ ಇದ್ದರೆ ಸಾಕು. ಅದಕ್ಕೂ ಮೀರಿ ಏರಿಸಿದರೆ ಹೆಡ್‌ಫೋನ್ ಹಾಕಿದವರಿಗೆ ಬರುವುದು ಸಿಟ್ಟು.

ಉತ್ತರ 3

ಮೇಲಿನವರು ಹೇಳಿದ್ದು ಸರಿ, ಆದರೆ ಸದ್ದು ಎಷ್ಟೇ ಚೆನ್ನಾಗಿದ್ದರೂ ದೆವ್ವ ಎರಡನೇ ನಿಮಿಷಕ್ಕೇ ಮುಖ ತೋರಿಸಿದರೆ ಕಥೆ ಮುಗೀತು. ಮೊದಲ ಐದಾರು ನಿಮಿಷ ಮನೆಯ ‘ಮಾಮೂಲಿ’ಯನ್ನು ಕಲಿಸಿ: ಯಾವ ಬಾಗಿಲು ಹೇಗೆ ಸದ್ದು ಮಾಡುತ್ತೆ, ಯಾವ ದೀಪ ಯಾವಾಗಲೂ ಉರಿಯುತ್ತಿರುತ್ತೆ, ಕುರ್ಚಿ ಎಲ್ಲಿದೆ. ಆಮೇಲೆ ಅದರಲ್ಲಿ ಒಂದನ್ನು ಮಾತ್ರ ಬದಲಿಸಿ. 2014ರ ಪಿ.ಟಿ. ಅನ್ನುವ ಹಾರರ್ ಗೇಮ್ ಒಂದೇ ಎಲ್ ಆಕಾರದ ಕಾರಿಡಾರನ್ನು ಮತ್ತೆಮತ್ತೆ ಸುತ್ತಿಸಿ ಸಣ್ಣಸಣ್ಣ ಬದಲಾವಣೆಯಲ್ಲೇ ಹೆದರಿಸಿತು. ಒಬ್ಬರೇ ಮಾಡುವವರಿಗೆ ಇದು ಖರ್ಚಿನ ಲೆಕ್ಕದಲ್ಲೂ ಹೊಂದುವ ಉಪಾಯ. 2022ರ ಐರನ್ ಲಂಗ್ ಗೇಮ್‌ನಲ್ಲಿ ಇರುವುದು ಒಂದು ಪುಟ್ಟ ಸಬ್‌ಮರೀನ್‌ನ ಒಳಗು. ಹೊರಗೆ ಏನಿದೆ ಅನ್ನುವುದು ನಿಶ್ಚಲ ಫೋಟೋಗಳಲ್ಲಷ್ಟೇ ಕಾಣುತ್ತೆ.

ಪ್ಲೇಯರ್ ಸತ್ತರೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಂದಕ್ಕೆ ಕಳಿಸಬೇಡಿ. ಮೂರನೇ ಸಲ ಅದೇ ಕೋಣೆ ದಾಟುವಾಗ ದೆವ್ವ ಬರೀ ಅಡ್ಡಿಯಾಗಿ ಕಾಣುತ್ತೆ.

ಟೆಸ್ಟ್ ಮಾಡುವವರು ಖರ್ಚಾಗಿ ಹೋಗುವ ಸರಕು, ಇದನ್ನು ಮರೆಯಬೇಡಿ. ಒಬ್ಬರನ್ನು ಒಂದೇ ಸಲ ಹೆದರಿಸಬಹುದು. ಹಾಗಾಗಿ ಪರಿಚಯದವರಿಗೆಲ್ಲ ಮೊದಲ ಬಿಲ್ಡನ್ನೇ (ಆಡಲು ಸಿದ್ಧವಾದ ಆವೃತ್ತಿ) ಕೊಟ್ಟು ಮುಗಿಸಬೇಡಿ, ಪ್ರತಿ ಬಿಲ್ಡಿಗೆ ಇಬ್ಬರು ಮೂವರು ಹೊಸಬರು ಸಾಕು. ಅವರ ಮುಖ ಮತ್ತು ಸ್ಕ್ರೀನ್ ಎರಡನ್ನೂ ರೆಕಾರ್ಡ್ ಮಾಡಿ, ನೀವು ಬಾಯಿಬಿಡಬೇಡಿ. ಅವರು ಹೇಳುವ ಅಭಿಪ್ರಾಯಕ್ಕಿಂತ ಮೌಸ್ ಎಲ್ಲಿ ತಡೆಯಿತು, ಎಲ್ಲಿ ಬೇಜಾರಾಗಿ ಓಡಿದರು ಅನ್ನುವುದೇ ಮುಖ್ಯ.

ಉತ್ತರ 4

ನೋಟದ ಬಗ್ಗೆ ಯಾರೂ ಹೇಳಲಿಲ್ಲ. ಹಳೆಯ ಪ್ಲೇಸ್ಟೇಶನ್ ನೋಟ ಬೇಕಿದ್ದರೆ 320×240 ರೆಸಲ್ಯೂಶನ್, ನಿಯರೆಸ್ಟ್ ಫಿಲ್ಟರ್ (ಚಿತ್ರವನ್ನು ನಯವಾಗಿಸದೆ ಚೌಕಚೌಕವಾಗಿಯೇ ತೋರಿಸುವುದು), ವರ್ಟೆಕ್ಸ್ ಸ್ನ್ಯಾಪಿಂಗ್ ಶೇಡರ್ (ಮಾಡೆಲಿನ ಮೂಲೆಗಳು ತುಸು ನಡುಗುವಂತೆ ಮಾಡುವ ಕೋಡ್) ಸಾಕು. ಆದರೆ ಇಡೀ ವಿಂಡೋ ಸ್ಟ್ರೆಚ್ಚನ್ನು ವ್ಯೂಪೋರ್ಟ್ ಮೋಡ್‌ಗೆ ಹಾಕಿದರೆ (ಇಡೀ ಪರದೆಯನ್ನೇ ಆ ಸಣ್ಣ ಅಳತೆಯಲ್ಲಿ ಬಿಡಿಸಿದರೆ) ಚೀಟಿ, ಡೈರಿಗಳ ಅಕ್ಷರವೂ ಪುಡಿಯಾಗುತ್ತೆ; ಒತ್ತಕ್ಷರ ಇರುವ ಲಿಪಿಯನ್ನಂತೂ ಓದಲಾಗಲ್ಲ. 3ಡಿಯನ್ನು ಮಾತ್ರ ಸಬ್‌ವ್ಯೂಪೋರ್ಟ್ (ಪರದೆಯೊಳಗಿನ ಪ್ರತ್ಯೇಕ ಪುಟ್ಟ ಪರದೆ) ಒಳಗಿಟ್ಟು, ಪಠ್ಯವನ್ನು ಅದರ ಹೊರಗೆ ಪೂರ್ಣ ರೆಸಲ್ಯೂಶನ್‌ನಲ್ಲಿ ಬರೆಯಿರಿ.

ಕತ್ತಲು ಅಂದರೆ ಪೂರ್ತಿ ಕಪ್ಪು ಅಲ್ಲ. ಆಂಬಿಯೆಂಟ್ ಲೈಟ್ ಸೊನ್ನೆ ಮಾಡಿದರೆ ನಿಮ್ಮ ಮಾನಿಟರಿನಲ್ಲಿ ಚೆಂದ, ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಏನೂ ಕಾಣಲ್ಲ. ವಿಡಿಯೋ ಅಪ್‌ಲೋಡ್ ಮಾಡಿದಾಗ ಕಂಪ್ರೆಶನ್‌ಗೆ ಸಿಕ್ಕಿ ಚೌಕಚೌಕವಾಗುತ್ತೆ. ತುಸು ನೀಲಿ ಬೆಳಕು, ಡಿಬ್ಯಾಂಡಿಂಗ್ (ಕತ್ತಲಲ್ಲಿ ಬಣ್ಣ ಪಟ್ಟೆಪಟ್ಟೆಯಾಗದ ಹಾಗೆ ತಡೆಯುವ ಆಯ್ಕೆ) ಆನ್, ಬ್ರೈಟ್‌ನೆಸ್ ಸ್ಲೈಡರ್ ಇರಲೇಬೇಕು. ದೀಪ ಮಿಣುಕುವುದು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬೇಡ, ಫೋಟೋಸೆನ್ಸಿಟಿವ್ ಎಪಿಲೆಪ್ಸಿ ಇರುವವರಿಗೆ ಅಪಾಯ.

ಉತ್ತರ 5

ಬಿಡುಗಡೆಯ ಬಗ್ಗೆ ಚುಟುಕಾಗಿ. ದೆವ್ವ ಮೊದಲ ಸಲ ಕಂಡಾಗ ಆಟ ಅರ್ಧ ಕ್ಷಣ ನಿಂತರೆ ಅದು ಶೇಡರ್ (ಗ್ರಾಫಿಕ್ಸ್ ಕೋಡ್) ಆಗಲೇ ಕಂಪೈಲ್ ಆಗುವುದರಿಂದ. ಗೊಡೋ 4.4ರಿಂದ ಇದು ತುಂಬ ಕಡಿಮೆಯಾಗಿದೆ. ಹಳೆಯ ಆವೃತ್ತಿಯಾದರೆ ಲೋಡಿಂಗ್ ಪರದೆಯ ಹಿಂದೆ ಕ್ಯಾಮೆರಾ ಎದುರು ದೆವ್ವವನ್ನು ಒಂದು ಫ್ರೇಮ್ ನಿಲ್ಲಿಸಿ ತೆಗೆಯಿರಿ.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪ್ರತಿ ಗೇಮ್‌ಗೆ 100 ಡಾಲರ್ ಶುಲ್ಕ, ಕನಿಷ್ಠ 1000 ಡಾಲರ್ ಮಾರಾಟವಾದರೆ ಅದು ವಾಪಸ್ ಬರುತ್ತೆ. ‘ಕಮಿಂಗ್ ಸೂನ್’ ಪುಟ ಕನಿಷ್ಠ ಎರಡು ವಾರ ಇರಬೇಕು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು, ಅಂದರೆ ನಿಮ್ಮ ಗೇಮ್ ಮುಗಿಸಿಯೂ ಕೇಳಬಹುದು. ಮೊದಲ ಗೇಮಾದರೆ ಇಚ್.ಐಒ (ಪುಟ್ಟ ಗೇಮ್‌ಗಳ ತಾಣ) ಜಾಲತಾಣದಲ್ಲಿ ‘ಇಷ್ಟಬಂದಷ್ಟು ಕೊಡಿ’ ಅಂತ ಹಾಕಿ ಜನ ಏನನ್ನುತ್ತಾರೆ ನೋಡುವುದು ಒಳ್ಳೆಯದು.

ಮಾರುವ ಗೇಮ್‌ನಲ್ಲಿ ನಾನ್-ಕಮರ್ಷಿಯಲ್ ಲೈಸೆನ್ಸಿನ ಸದ್ದು ಒಂದೂ ಇರಬಾರದು, ಡೌನ್‌ಲೋಡ್ ಮಾಡಿದ ದಿನವೇ ಹೆಸರು, ಲಿಂಕ್, ಲೈಸೆನ್ಸ್ ಒಂದು ಶೀಟಿನಲ್ಲಿ ಬರೆದಿಡಿ. ಫೈಲ್ ಹೆಸರೆಲ್ಲ ಸಣ್ಣಕ್ಷರದಲ್ಲೇ ಇರಲಿ, ವಿಂಡೋಸ್ ಎಡಿಟರಿನಲ್ಲಿ ತೆರೆಯುವ ಫೈಲ್ ದೊಡ್ಡ-ಸಣ್ಣಕ್ಷರ ವ್ಯತ್ಯಾಸವಾದರೆ ಎಕ್ಸ್‌ಪೋರ್ಟ್ ಆದಮೇಲೆ ಸಿಗಲ್ಲ. ಪಿಸಿಕೆ ಫೈಲನ್ನು (ಗೇಮ್‌ನ ಚಿತ್ರ, ಸದ್ದು, ಕೋಡ್ ಎಲ್ಲ ಇರುವ ಕಟ್ಟು) ಇಎಕ್ಸ್‌ಇ ಒಳಗೇ ಸೇರಿಸುವ ಆಯ್ಕೆ ಆನ್ ಮಾಡದಿದ್ದರೆ ಜಿಪ್‌ನಲ್ಲಿ ಎರಡೂ ಇವೆಯೇ ಅಂತ ತೆರೆದು ನೋಡಿ. ಬರೀ ಇಎಕ್ಸ್‌ಇ ಅಪ್‌ಲೋಡ್ ಮಾಡಿದರೆ ಗೇಮ್ ಶುರುವೇ ಆಗಲ್ಲ.