ಶಿವಮೊಗ್ಗದಲ್ಲಿ 18,500, ನವಿ ಮುಂಬೈಯಲ್ಲಿ 32,000: ಹೋಗಲಾ, ಇಲ್ಲೇ ಇರಲಾ?

ನಗರ_ಹೋಬಳಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಜಿಎನ್‌ಎಂ, ಅಂದ್ರೆ ನರ್ಸಿಂಗ್ ಡಿಪ್ಲೊಮಾ ಮಾಡಿದವಳು. ಶಿವಮೊಗ್ಗದ 60 ಹಾಸಿಗೆಯ ಒಂದು ಪ್ರೈವೇಟ್ ಆಸ್ಪತ್ರೆಯ ಐಸಿಯುನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. ವಯಸ್ಸು 25. ಊರು ಹೊಸನಗರ ತಾಲ್ಲೂಕು, ನಗರ ಅನ್ನೋ ಊರಿನ ಹತ್ತಿರ. ನನ್ನ ಜೊತೆ ಓದಿದವಳೊಬ್ಬಳು ನವಿ ಮುಂಬೈಗೆ ಹೋಗಿದ್ದಾಳೆ, ಅವಳ ಆಸ್ಪತ್ರೆಯಲ್ಲೇ ನನಗೂ ಕೆಲಸ ಆಗಿದೆ. 300 ಹಾಸಿಗೆಯ ಆಸ್ಪತ್ರೆ. ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡಿ 34,000 ಅಂದರು. ಹದಿನೈದು ದಿನದೊಳಗೆ ಹೇಳಬೇಕಂತೆ, ಅದರಲ್ಲಿ ನಾಲ್ಕು ದಿನ ಆಗಲೇ ಹೋಯ್ತು.

ನನ್ನ ಈಗಿನ ಲೆಕ್ಕ ಪೂರ್ತಿ ಬಿಚ್ಚಿ ಹೇಳ್ತೀನಿ, ಮುಚ್ಚಿಟ್ಟರೆ ನಿಮಗೂ ಹೇಳೋಕೆ ಆಗಲ್ಲ. ಸಂಬಳ 20,500. ಪಿಎಫ್ 1,800, ಇಎಸ್‌ಐ 154 ಹೋಗಿ ಕೈಗೆ 18,546. ವಿನೋಬನಗರದಲ್ಲಿ ಮೂವರು ಸಿಸ್ಟರ್‌ಗಳು ಸೇರಿ ಒಂದು ಮನೆ ಮಾಡಿದ್ದೇವೆ, ನನ್ನ ಪಾಲಿನ ಬಾಡಿಗೆ 2,500. ಕರೆಂಟ್ ಬಿಲ್ಲು ಗೃಹಜ್ಯೋತಿಯಲ್ಲಿ ಸೊನ್ನೆ. ಹಾಲು, ಗ್ಯಾಸ್, ತರಕಾರಿ ಎಲ್ಲ ಸೇರಿ 2,200. ಫೋನಿಗೆ 300. ಓಡಾಟಕ್ಕೆ ಮತ್ತು ಚಿಲ್ಲರೆ ಖರ್ಚಿಗೆ 1,000 ಇಡ್ತೀನಿ, ಯಾಕಂದ್ರೆ ನಮ್ಮ ಕಡೆ ಹೆಚ್ಚು ಓಡೋದು ಪ್ರೈವೇಟ್ ಬಸ್ಸು, ಅದರಲ್ಲಿ ಶಕ್ತಿ ಯೋಜನೆ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಊರಿಗೆ ಹೊರಟವಳಿಗೆ ಸರ್ಕಾರಿ ಬಸ್ಸಿಗೆ ಕಾಯ್ತಾ ನಿಲ್ಲೋ ಶಕ್ತಿ ಇರಲ್ಲ. ಓದಿನ ಸಾಲದ ಕಂತು 4,200. ಮನೆಗೆ 5,000. ಉಳಿಯೋದು 3,300 ಚಿಲ್ಲರೆ.

ಅಲ್ಲಿಯ ಲೆಕ್ಕ ಗೆಳತಿ ಹೇಳಿದ್ದು. ಪಿಎಫ್ ಮತ್ತು ವೃತ್ತಿ ತೆರಿಗೆ ಕಳೆದು 32,000 ಕೈಗೆ ಬರುತ್ತಂತೆ. ಮೂರು ತಿಂಗಳು ಹಾಸ್ಟೆಲ್, ಆಮೇಲೆ ಹೊರಗೆ ನಾವೇ ನೋಡ್ಕೋಬೇಕು. ಅವಳು ಖಾರ್ಘರ್‌ನಲ್ಲಿ ಮೂವರ ಜೊತೆ ಇದ್ದಾಳೆ, ತಲೆಗೆ 6,500. ಡಿಪಾಸಿಟ್ ತಲೆಗೆ 20,000.

ಮನೆಯಲ್ಲಿ ಹದಿನೈದು ಗುಂಟೆ ಅಡಿಕೆ ತೋಟ, ಒಂದಿಷ್ಟು ಗದ್ದೆ. ಎಲೆಚುಕ್ಕೆ ರೋಗ ಬಂದ ಮೇಲೆ ತೋಟ ನಂಬೋ ಹಾಗಿಲ್ಲ. ತಮ್ಮ ಪಿಯುಸಿ. ಅಪ್ಪ ‘ಹತ್ತಿರ ಹತ್ತಿರ ಡಬಲ್ ಸಂಬಳ, ಯೋಚನೆ ಎಂತಕ್ಕೆ?’ ಅಂತಾರೆ. ಅಮ್ಮ ಏನೂ ಹೇಳ್ತಿಲ್ಲ, ಮೊನ್ನೆ ಬರುವಾಗ ಮಾತ್ರ ಯಾವತ್ತಿಗಿಂತ ಎರಡು ಸೇರು ಅಕ್ಕಿ ಜಾಸ್ತಿ ಕಟ್ಟಿದ್ಳು. ಹೊರ ರಾಜ್ಯದಲ್ಲಿ ಕೆಲಸ ಮಾಡಿ ಬಂದವರು ದಯವಿಟ್ಟು ಹೇಳಿ, ನನ್ನ ಲೆಕ್ಕದಲ್ಲಿ ಎಂತ ಬಿಟ್ಟು ಹೋಗಿದೆ?

ತುಂಗೆ_ದಡದ_ಸಿಸ್ಟರ್

ತಂಗಿ, ನಾನು ತೀರ್ಥಹಳ್ಳಿಯವಳು. 2018ರಿಂದ 2022ರವರೆಗೆ ನವಿ ಮುಂಬೈಯಲ್ಲೇ ಇದ್ದೆ, ಈಗ ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೀನಿ.

ನಿನ್ನ ಲೆಕ್ಕದಲ್ಲಿ ಬಿಟ್ಟು ಹೋಗಿರೋದು ಅಮ್ಮ ಕಟ್ಟಿಕೊಟ್ಟ ಆ ಅಕ್ಕಿ. ನೀನು ಹಾಲು, ಗ್ಯಾಸ್, ತರಕಾರಿ ಬರೆದಿದ್ದೀಯ. ಅಕ್ಕಿ ಬರೆದಿಲ್ಲ, ತೆಂಗಿನಕಾಯಿ ಬರೆದಿಲ್ಲ, ಸಾರಿನಪುಡಿ, ಉಪ್ಪಿನಕಾಯಿ, ಕಾಳುಮೆಣಸು ಯಾವುದೂ ಇಲ್ಲ. ಅವೆಲ್ಲ ಮನೆಯಿಂದ ಚೀಲದಲ್ಲಿ ಬರ್ತಿವೆ, ಹಾಗಾಗಿ ಖರ್ಚು ಅಂತ ನಿನಗೆ ಅನ್ನಿಸಿಲ್ಲ. ನನಗೂ ಅನ್ನಿಸಿರಲಿಲ್ಲ. ಅಲ್ಲಿಗೆ ಹೋಗಿ ಎರಡನೇ ವಾರ, ಡ್ಯೂಟಿ ಮುಗಿಸಿ ನೆರೂಲ್ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ತೆಂಗಿನಕಾಯಿ ಕೇಳಿದೆ. ಅವನು ಒಂದು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೀರಿದೆ ಅಂತ ತೋರಿಸಿ ಕೊಟ್ಟ, ನಾನು ಪರ್ಸಿನಿಂದ ನೋಟು ತೆಗೆದೆ. ಜೀವಮಾನದಲ್ಲಿ ತೆಂಗಿನಕಾಯಿಗೆ ದುಡ್ಡು ಕೊಟ್ಟಿದ್ದು ಅವತ್ತೇ ಮೊದಲು. ರೂಮಿಗೆ ಬಂದು ಅರ್ಧ ಕಾಯಿ ತುರಿದು ಉಳಿದರ್ಧ ಫ್ರಿಜ್ಜಲ್ಲಿಟ್ಟೆ, ನಾಲ್ಕು ದಿನ ಅದನ್ನೇ ಚೂರುಚೂರು ಹಾಕಿದೆ. ಮನೆಯಲ್ಲಾದರೆ ಒಂದು ಹೊತ್ತಿನ ಸಾರಿಗೆ ಒಂದು ಕಾಯಿ ಹೋಗುತ್ತೆ. ಮನೆಯ ಚೀಲಕ್ಕೆ ತಿಂಗಳಿಗೆ ಕಡಿಮೆ ಅಂದ್ರೂ 2,000 ಬೆಲೆ ಕಟ್ಟು. ಅಲ್ಲಿ ಊಟಕ್ಕೆ ಅಂತಲೇ 5,000 ಬರೆದುಕೋ. ಕರೆಂಟು, ಗ್ಯಾಸು 700. ಲೋಕಲ್ ಟ್ರೈನಿನ ತಿಂಗಳ ಪಾಸು ಅಗ್ಗ, ಅದೂ ಫೋನೂ ಸೇರಿ 600 ಹಿಡಿ.

ಎರಡನೆಯದು ಊರಿಗೆ ಬರೋ ಖರ್ಚು. ನಿನಗೆ ಪನ್ವೇಲ್‌ನಲ್ಲಿ ಮತ್ಸ್ಯಗಂಧ ಹತ್ತಿ ಕುಂದಾಪುರದಲ್ಲಿ ಇಳಿದು ಹುಲಿಕಲ್ ಘಾಟಿ ಹತ್ತೋದು ಅನುಕೂಲ. ಟಿಕೆಟ್ 60 ದಿನ ಮೊದಲೇ ಬುಕ್ ಮಾಡ್ಬೇಕು, ಗಣೇಶ ಹಬ್ಬಕ್ಕಂತೂ ಬುಕಿಂಗ್ ತೆರೆದ ಗಳಿಗೆಯಲ್ಲೇ ಮುಗಿದು ಹೋಗುತ್ತೆ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ನಿಧಾನ ಓಡಿಸ್ತಾರೆ. ಘಾಟಿಯಲ್ಲಿ ಗುಡ್ಡ ಜರಿದರೆ ಕುಂದಾಪುರದಲ್ಲೇ ಕೂತಿರಬೇಕು. ಈಗ ತಿಂಗಳಿಗೆ ಎರಡು ಸಲ ಮನೆಗೆ ಹೋಗ್ತಿದ್ದೀಯ ಅಂತಿಟ್ಟುಕೋ, ಅಲ್ಲಿಂದ ವರ್ಷಕ್ಕೆ ಎರಡು ಸಲ ಆದರೆ ಪುಣ್ಯ. 2020ರ ಮಾರ್ಚ್‌ನಲ್ಲಿ ರೈಲು ನಿಂತ ಮೇಲೆ ನಾನು ಅಪ್ಪನ ಮುಖ ನೋಡಿದ್ದು ಏಳು ತಿಂಗಳಾದ ಮೇಲೆ.

ಮೂರನೆಯದನ್ನ ನಿನ್ನ ಗೆಳತಿ ಹೇಳಿರಲಿಕ್ಕಿಲ್ಲ. ‘ಮುಂಬೈ ಸಂಬಳ’ ಅಂತ ಊರಲ್ಲಿ ಗೊತ್ತಾದ ಕೂಡಲೇ ಮನೆಯ ಖರ್ಚು ಬೆಳೆಯುತ್ತೆ. ಯಾರೂ ದುರಾಸೆಯಿಂದ ಕೇಳಲ್ಲ. ಮಾಡಿನ ಹೆಂಚು ಬದಲಿಸಬೇಕು, ಅತ್ತೆ ಮಗಳ ಮದುವೆಗೆ ಬರೀ ಕೈಯಲ್ಲಿ ಹೋಗೋಕಾಗಲ್ಲ, ತಮ್ಮನಿಗೆ ಫೀಸು. ಮೊದಲ ವರ್ಷ ನನಗೆ ಉಳಿದಿದ್ದು ಹೆಚ್ಚೂಕಮ್ಮಿ ಶಿವಮೊಗ್ಗದಲ್ಲಿ ಉಳಿಯುತ್ತಿದ್ದಷ್ಟೇ. ಮೊದಲ ಆರು ತಿಂಗಳು ಮನೆಗೆ ಈಗಿನ 5,000 ಮಾತ್ರ ಅಂತ ಅಪ್ಪನ ಹತ್ತಿರ ಈಗಲೇ ಬಾಯಿಬಿಟ್ಟು ಹೇಳಿಬಿಡು. ಆಮೇಲೆ ಫೋನಿನಲ್ಲಿ ಹೇಳೋದು ತುಂಬಾ ಕಷ್ಟ.

ಇನ್ನು ಕೈಮುಗಿದು ಹೇಳೋ ಮಾತು: ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡ. ನಾನು ಸೇರಿದ ಕಡೆ ಮೊದಲ ದಿನವೇ ಅಂಕಪಟ್ಟಿ, ಕೌನ್ಸಿಲ್ ರಿಜಿಸ್ಟ್ರೇಷನ್ ಎಲ್ಲ ಒಂದು ಕವರಿಗೆ ಹಾಕಿ ಬೀರುವಿನಲ್ಲಿಟ್ಟರು. ಎರಡು ವರ್ಷದ ಬಾಂಡ್. ಹದಿನಾಲ್ಕನೇ ತಿಂಗಳಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಕೆಲಸ ಬಿಡ್ತೀನಿ ಅಂದರೆ 50,000 ಕಟ್ಟಿ ಅಂದರು. ಕಟ್ಟೋಕೆ ಇರಲಿಲ್ಲ. ಹತ್ತು ದಿನದ ರಜೆಯಲ್ಲಿ ಬಂದು, ಅಪ್ಪನಿಗೆ ಎಡಗೈ ಎತ್ತೋಕೂ ಬಾರದ ಹೊತ್ತಲ್ಲಿ ಬಿಟ್ಟು ಹೋದೆ. ಬೇರೆಯವರ ಅಪ್ಪಂದಿರಿಗೆ ಮಗ್ಗುಲು ಬದಲಿಸಿ ಕೊಡ್ತಾ ಅಲ್ಲಿ ಕಳೆದ ಆಮೇಲಿನ ಮೂರು ತಿಂಗಳು ನಾನು ಮರೆಯಲ್ಲ. ಒರಿಜಿನಲ್ ತೋರಿಸು, ಸಹಿ ಹಾಕಿದ ನಕಲು ಕೊಡು, ಒಪ್ಪದಿದ್ದರೆ ಆ ಕೆಲಸವೇ ಬೇಡ.

ಇಷ್ಟು ಹೇಳಿದೆ ಅಂತ ಹೋಗಬೇಡ ಅಂತಿಲ್ಲ. ಅಲ್ಲಿ ನಾನು ಕಲಿತ ಕೆಲಸ ಇಲ್ಲಿ ಹತ್ತು ವರ್ಷಕ್ಕೂ ಸಿಗುತ್ತಿರಲಿಲ್ಲ. ಬೈಪಾಸ್ ಆದ ಪೇಷಂಟನ್ನ ಒಬ್ಬಳೇ ನೋಡಿಕೊಳ್ಳೋ ಧೈರ್ಯ ಬಂದಿದ್ದು ಅಲ್ಲೇ. ಮೂರನೇ ವರ್ಷದಿಂದ ತಿಂಗಳಿಗೆ ಎಂಟೊಂಬತ್ತು ಸಾವಿರ ಉಳಿಯಿತು.

ಬಿಲ್ಲಿಂಗ್_ಕೌಂಟರ್_577201

ಸಿಸ್ಟರ್, ನಾನು ಶಿವಮೊಗ್ಗದಲ್ಲಿ ಆಸ್ಪತ್ರೆಯೊಂದರ ಅಕೌಂಟ್ಸ್ ನೋಡ್ತೀನಿ. 34,000 ಅಂದಿದ್ದು ಗ್ರಾಸಾ (ಕಡಿತಕ್ಕೆ ಮುಂಚಿನ ಸಂಬಳ), ಸಿಟಿಸಿನಾ (ಆಸ್ಪತ್ರೆ ನಿಮಗಾಗಿ ಮಾಡೋ ಒಟ್ಟು ಖರ್ಚು) ಕೇಳಿ. ಇದು ಸಣ್ಣ ಮಾತಲ್ಲ. ಸಿಟಿಸಿ ಆಗಿದ್ದು, ಬೇಸಿಕ್ 15,000 ಅಂತ ಹಿಡಿದರೆ, ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಜೊತೆಯ ಶುಲ್ಕ 1,950, ಗ್ರಾಚ್ಯುಟಿ ಸುಮಾರು 720 ಆ 34,000ದ ಒಳಗೇ ಇರುತ್ತೆ. ನಿಮಗೆ ಲೆಕ್ಕ ಶುರುವಾಗೋದು 31,330ರಿಂದ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಹೋಗಿ ಕೈಗೆ ಸುಮಾರು 29,300. ಖಾಯಂ ಕೆಲಸದಲ್ಲಿ ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ಇದ್ದರೆ ಮಾತ್ರ ಸಿಗೋದು, ಹಾಗಾದರೆ ಎರಡು ವರ್ಷಕ್ಕೆ ಬಿಟ್ಟರೆ ಆ 720 ನೀವು ನೋಡೋದೇ ಇಲ್ಲ.

ಇನ್ನೊಂದು, ಇಎಸ್‌ಐ. ಸಂಬಳ 21,000 ದಾಟಿದವರನ್ನ ಹೊಸ ಕೆಲಸದಲ್ಲಿ ಇಎಸ್‌ಐಗೆ ಸೇರಿಸಲ್ಲ. ನಿಮ್ಮ ತಂದೆತಾಯಿ ಈಗ ನಿಮ್ಮ ಕಾರ್ಡಿನಲ್ಲಿ ಅವಲಂಬಿತರು ಅಂತ ಇದ್ದರೆ ಅದೂ ನಿಲ್ಲುತ್ತೆ. ಅಲ್ಲಿ ಕೊಡೋ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಸೇರ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ಹಳೇ ಪಿಎಫ್ ಮಾತ್ರ ತೆಗೀಬೇಡಿ, ಅದೇ ಯುಎಎನ್‌ಗೆ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ನಂಬರ್) ವರ್ಗ ಮಾಡಿಸಿ.

ಸೊರಬದವ

ನಾನು ಈಗ ನಾಗ್ಪುರದ ಏಮ್ಸ್‌ನಲ್ಲಿ ನರ್ಸಿಂಗ್ ಆಫೀಸರ್. ಸಿಸ್ಟರ್, ಊರು ಬಿಡೋದೇ ಆದರೆ ಇದನ್ನೂ ಒಮ್ಮೆ ನೋಡಿ. ಏಮ್ಸ್‌ಗೆ ನಾರ್ಸೆಟ್ ಅಂತ ಪರೀಕ್ಷೆ. 7ನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 44,900, ಅದರ ಮೇಲೆ ಡಿಎ (ತುಟ್ಟಿಭತ್ಯೆ), ಮನೆ ಬಾಡಿಗೆ ಭತ್ಯೆ, ನರ್ಸಿಂಗ್ ಅಲೋವೆನ್ಸ್. ಜಿಎನ್‌ಎಂ ಮಾಡಿದವರಿಗೆ 50 ಹಾಸಿಗೆಗಿಂತ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ನಿಮ್ಮದು 60 ಹಾಸಿಗೆ, ಮೂರು ವರ್ಷ, ಅಲ್ಲಿಗೆ ಅರ್ಹತೆ ಬಂತು. ವಯಸ್ಸಿನ ಮಿತಿ 30, ಮೀಸಲಾತಿ ಇದ್ದರೆ ಸಡಿಲಿಕೆ ಇದೆ. ಶೇ 80 ಹುದ್ದೆ ಹೆಂಗಸರಿಗೇ, ಉಳಿದ ಶೇ 20ರಲ್ಲಿ ನಾವು ಗಂಡಸರು ಪೈಪೋಟಿ ಮಾಡಿದ್ದು. ನಾನು ಪಾಸಾಗಿದ್ದು ಮೂರನೇ ಸಲಕ್ಕೆ, ಸಾಗರದಲ್ಲಿ ನೈಟ್ ಡ್ಯೂಟಿ ಮಾಡಿಕೊಂಡೇ ಓದಿದೆ.

ಹಾಗಾಗಿ ಈಗಿನ ಆಸ್ಪತ್ರೆ ಬಿಡುವಾಗ ಹಾಸಿಗೆ ಸಂಖ್ಯೆ, ಸೇರಿದ ದಿನ, ಬಿಟ್ಟ ದಿನ ಮೂರೂ ಬರೆದ ಅನುಭವ ಪತ್ರ ತಗೊಳ್ಳದೆ ಹೊರಡಬೇಡಿ. ಆಮೇಲೆ ಅದಕ್ಕಾಗಿ ಅಲೆಯೋದು ಬಹಳ ಸಂಕಟ.

ಸಂಬಳದ ಬಗ್ಗೆ ಒಂದು ಮಾತು ಹೇಳದೆ ಇರೋಕಾಗಲ್ಲ. ಸುಪ್ರೀಂ ಕೋರ್ಟ್ ಸೂಚನೆ ಮೇಲೆ ಕೇಂದ್ರ ಸರ್ಕಾರ ಮಾಡಿದ ಸಮಿತಿ 2016ರಲ್ಲೇ ಹೇಳಿದೆ: 200ಕ್ಕಿಂತ ಹೆಚ್ಚು ಹಾಸಿಗೆ ಇರೋ ಪ್ರೈವೇಟ್ ಆಸ್ಪತ್ರೆ ಆಯಾ ರಾಜ್ಯದ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಚಿಕ್ಕದಾದರೂ 20,000ಕ್ಕೆ ಕಡಿಮೆ ಇರಬಾರದು ಅಂತ. ಕೇರಳ 2018ರಲ್ಲಿ 20,000ದ ಕನಿಷ್ಠ ವೇತನಕ್ಕೆ ಅಧಿಸೂಚನೆಯನ್ನೇ ಹೊರಡಿಸಿತು. ನರ್ಸ್‌ಗಳು ಬೀದಿಗಿಳಿದು ಕೇಳಿದ್ದಕ್ಕೆ ಅದು ಬಂತು. ನಮ್ಮ ಹುಡುಗಿಯರು ಐಸಿಯು ನೋಡಿಕೊಂಡು 18,000ಕ್ಕೆ ತೃಪ್ತಿ ಪಡಬೇಕಾಗಿ ಬಂದಿರೋದು ನನಗೆ ನಿಜಕ್ಕೂ ನೋವು ಕೊಡುತ್ತೆ.

ನಗರ_ಹೋಬಳಿ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಆದ್ಮೇಲೆ ಬರೀತಿದ್ದೀನಿ, ನಡುವೆ ಎರಡು ನೈಟ್ ಇತ್ತು.

ಎಚ್‌ಆರ್‌ಗೆ ಫೋನ್ ಮಾಡಿ ಕೇಳಿದೆ. ಅಣ್ಣ ಹೇಳಿದ ಹಾಗೇ, 34,000 ಸಿಟಿಸಿ. ಕೈಗೆ 29,300ರ ಆಸುಪಾಸು ಅಂತ ಅವರೇ ಒಪ್ಪಿದರು. ಅಕ್ಕ ಹೇಳಿದ ಊಟದ ಲೆಕ್ಕ ಹಾಕಿ, ಬಾಡಿಗೆ, ಕರೆಂಟು, ಪಾಸು, ಸಾಲದ ಕಂತು, ಮನೆಗೆ 5,000 ಎಲ್ಲ ಕಳೆದರೆ ಉಳಿಯೋದು 7,300. ಊರಿಗೆ ಬರೋ ಖರ್ಚು ಅದರಲ್ಲೇ. ಅಂದ್ರೆ ನನಗೂ ಅಪ್ಪನಿಗೂ ಸಾವಿರಗಟ್ಟಲೆ ದೊಡ್ಡದಾಗಿ ಕಂಡಿದ್ದು ಕೊನೆಗೆ ತಿಂಗಳಿಗೆ 4,000ದ ವ್ಯತ್ಯಾಸ. ಅಮ್ಮನ ಗರ್ಭಕೋಶದ ಆಪರೇಷನ್ ಹೋದ ವರ್ಷ ನನ್ನ ಇಎಸ್‌ಐನಲ್ಲೇ ಆಗಿದ್ದು. ಅಲ್ಲಿಯ ಇನ್ಶೂರೆನ್ಸ್ ನನಗೊಬ್ಬಳಿಗೆ ಮಾತ್ರ ಅಂತೆ.

ಅಪ್ಪನ ಹತ್ತಿರ ಕೂತು ಹಾಳೆಯ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ‘ಅಕ್ಕಿಗೂ ದುಡ್ಡು ಹಾಕಿದ್ಯಲ್ಲೇ’ ಅಂದರು. ಆಮೇಲೆ ಆ ಹಾಳೆ ಮಡಚಿ ಕ್ಯಾಲೆಂಡರ್ ಹಿಂದೆ ಇಟ್ಟರು.

ಅಕ್ಕ, ಇನ್ನೊಂದೇ ಪ್ರಶ್ನೆ. 4,000ಕ್ಕೋಸ್ಕರ ಅಲ್ಲ, ಕೆಲಸ ಕಲಿಯೋಕೆ ಅಂತ ಎರಡು ವರ್ಷ ಹೋದರೆ ಮುಂದೆ ಉಪಯೋಗ ಆಗುತ್ತಾ? ನಾರ್ಸೆಟ್‌ಗೆ ಓದೋಕೆ ಅಲ್ಲಿ ಹೊತ್ತು ಸಿಗುತ್ತಾ?

ತುಂಗೆ_ದಡದ_ಸಿಸ್ಟರ್

ಕೆಲಸ ಕಲಿಯೋದಕ್ಕೆ ಖಂಡಿತ ಉಪಯೋಗ. ಓದೋಕೆ ಹೊತ್ತು ಸಿಗೋದು ಡ್ಯೂಟಿ ಎಂಟು ಗಂಟೆಯದೋ ಹನ್ನೆರಡು ಗಂಟೆಯದೋ ಅನ್ನೋದರ ಮೇಲೆ. ಹನ್ನೆರಡಾದರೆ ಪುಸ್ತಕ ತೆರೆಯೋಕೂ ಆಗಲ್ಲ, ನಾನು ನೋಡಿದ್ದೀನಿ. ಅದನ್ನೂ, ಐಸಿಯುನಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ಪೇಷಂಟ್ ಅನ್ನೋದನ್ನೂ ಎಚ್‌ಆರ್‌ಗಿಂತ ನಿನ್ನ ಗೆಳತಿಗೇ ಕೇಳು, ಅವಳು ನಿಜ ಹೇಳ್ತಾಳೆ.

ಹೊರಡೋ ಮುಂಚೆ ಬೆಂಗಳೂರಿನ ನಮ್ಮ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರ) ಅರ್ಜಿ ಹಾಕು, ಅದಿಲ್ಲದೆ ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಆಗಲ್ಲ. ಕೈಯಲ್ಲಿ 40,000 ಆಗೋವರೆಗೆ ಹೊರಡಬೇಡ, ಡಿಪಾಸಿಟ್ಟಿಗೇ ಅರ್ಧ ಹೋಗುತ್ತೆ, ಮೊದಲ ಸಂಬಳ ಬರೋದು ತಿಂಗಳಾದ ಮೇಲೆ. ಅಲ್ಲಿವರೆಗೆ ಸಮಯ ಕೊಡ್ತಾರಾ ಕೇಳು. ಕೊಡದಿದ್ದರೆ ಇಲ್ಲೇ ಇದ್ದು ನಾರ್ಸೆಟ್ ಒಂದು ಸಲ ಬರೆ, ನನ್ನ ಹತ್ತಿರ ಪುಸ್ತಕ ಇವೆ. ಗುರುವಾರ ನನಗೆ ಆಫ್, ಗೋಪಾಳಕ್ಕೆ ಬಂದು ತಗೊಂಡು ಹೋಗು.