ಅಪ್‌ಡೇಟ್: ಜಾನಪದ ಲೋಕಕ್ಕೆ ಹೋಗಿಬಂದೆವು

ರಾಮನಗರದ ಹತ್ತಿರದ ಜಾನಪದ ವಸ್ತುಸಂಗ್ರಹಾಲಯ ಜಾನಪದ ಲೋಕಕ್ಕೆ ಮಕ್ಕಳನ್ನು ಕರ್ಕೊಂಡು ಹೋಗಬಹುದಾ, ಅಲ್ಲಿ ಕೊಳ್ಳೋದಕ್ಕೆ ಏನಾದರೂ ಸಿಗುತ್ತಾ ಅಂತ ಕೇಳಿದ್ದೆ. ಹೋದ ಭಾನುವಾರ ಹೋಗಿಬಂದೆವು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೊದಲೇ ಹೇಳ್ತೀನಿ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿಯಬೇಡಿ. ಅದು ರಾಮನಗರ, ಚನ್ನಪಟ್ಟಣದ ಒಳಗೆ ಬರದೆ ಹೊರಗಿನಿಂದಲೇ ಹೋಗುತ್ತದೆ. ನಾವು ಮಾತಾಡ್ತಾ ಮುಂದೆ ಹೋಗಿ, ಸುಮ್ನೆ ಸುತ್ತು ಹೊಡೆದು ಬಂದೆವು. ಹಳೇ ಮೈಸೂರು ರಸ್ತೆಯಲ್ಲೇ ಬನ್ನಿ.

ಜಾನಪದ ವಿದ್ವಾಂಸ ಎಚ್‌.ಎಲ್‌. ನಾಗೇಗೌಡರು ಕಟ್ಟಿದ ಜಾಗ ಇದು. 1994ರಲ್ಲಿ ಶುರುವಾದದ್ದು. ಅಲ್ಲಿನ ಲೋಕಮಹಲ್ ಅನ್ನೋ ಪ್ರದರ್ಶನ ಕಟ್ಟಡದಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಅಳತೆಯ ಪಾತ್ರೆಗಳ ಮುಂದೆ. ಪಾವು, ಸೇರು, ಕೊಳಗ. "ಅಕ್ಕಿ ಅಳೆಯೋಕೆ ಇಷ್ಟೊಂದು ಯಾಕಪ್ಪಾ, ತಕ್ಕಡಿ ಇರ್ಲಿಲ್ವಾ?" ಅಂದಳು ಮಗಳು. ತೂಕವಲ್ಲ, ತುಂಬಿ ಅಳೆಯೋದು ಅಂತ ಹೇಳೋಕೆ ಹೋದೆ. ಅಷ್ಟರಲ್ಲಿ ಅಮ್ಮ ಶುರು ಮಾಡಿದರು. ನಮ್ಮೂರ ಕಣಜದ ಕಥೆ, ಸಾಲ ತಂದ ಸೇರು ರಾಗಿಯ ಕಥೆ. ಅರ್ಧ ಗಂಟೆ. ಗೈಡೇ ಬೇಕಾಗಲಿಲ್ಲ! ಮಗನಿಗೆ ತೊಗಲುಬೊಂಬೆ ಬಿಟ್ಟು ಬೇರೇನೂ ಹಿಡಿಸಲಿಲ್ಲ.

ಅಂಗಡಿ ಚಿಕ್ಕದು. ನಾನು ಒಂದು ಜಾನಪದ ಪುಸ್ತಕ ತಗೊಂಡೆ. ಆಟಿಕೆಗೆ ಚನ್ನಪಟ್ಟಣಕ್ಕೇ ಹೋದೆವು, ಪಕ್ಕದಲ್ಲೇ ಅಲ್ವಾ. ಆಲೆ ಮರವನ್ನು ಲೇತ್‌ಗೆ ಕೊಟ್ಟು ತಿರುಗಿಸುವಾಗಲೇ ಬಣ್ಣದ ಅರಗು ಒತ್ತುತ್ತಾರೆ. ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಅದನ್ನು ನೋಡಿದ ಮೇಲೆ ಬುಗುರಿಗೆ ಚೌಕಾಸಿ ಮಾಡೋಕೆ ಮನಸ್ಸು ಬರಲಿಲ್ಲ. ನಾಲ್ಕು ತಗೊಂಡೆವು. ಒಂದು ಈಗಾಗಲೇ ಸೋಫಾ ಕೆಳಗೆ ಸೇರಿದೆ.