ಪ್ರಶ್ನೋತ್ತರ: ಫೈಬರ್ ಕೇಬಲ್ ಬ್ಲೋಯಿಂಗ್ ಮೆಷಿನ್ (ಗೇಜ್ ನೋಡಿಕೊಂಡು ಬಂದು ಕೇಳಿ)

ಅಡ್ಮಿನ್: ಈ ವಾರ ಬ್ಲೋಯಿಂಗ್, ಅಂದರೆ ನೆಲದಡಿಯ ಪ್ಲಾಸ್ಟಿಕ್ ಪೈಪಿನೊಳಗೆ (ಡಕ್ಟ್) ಗಾಳಿಯ ಒತ್ತಡದಿಂದ ಕೇಬಲ್ ತೂರಿಸುವುದು. ಉತ್ತರ ಕೊಡೋರು ನಮ್ಮ ಗುಂಪಿನ ಟ್ರೈನರ್ ಸರ್. ಡಕ್ಟ್ ಅಳತೆ, ಕೇಬಲ್ ದಪ್ಪ, ಕಂಪ್ರೆಸರ್ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಮೂರೂ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ತುಮಕೂರು ಒಎಫ್‌ಸಿ: ನಮಸ್ಕಾರ ಸರ್. 40/33 ಪಿಎಲ್‌ಬಿ ಡಕ್ಟ್ (ಹೊರಗೆ 40, ಒಳಗೆ 33 ಮಿ.ಮೀ., ಒಳಮೈ ಜಾರುವಂಥದ್ದು), 24 ಫೈಬರ್ ಕೇಬಲ್, ಕಂಪ್ರೆಸರ್ 375 ಸಿಎಫ್‌ಎಂ. ಪ್ರೆಷರ್ ಎಷ್ಟು ಇಡಬೇಕು?

ಟ್ರೈನರ್: ನಮಸ್ಕಾರ. ಮೆಷಿನ್ ಬಾಯಲ್ಲಿ 8ರಿಂದ 10 ಬಾರ್ ಸಾಕು, 12 ದಾಟಿಸಬೇಡಿ. ಮೊದಲ 100 ಮೀಟರ್ ಗಾಳಿ ಬಿಡದೆ ಬರೀ ಮೆಷಿನ್‌ನ ಬೆಲ್ಟ್‌ನಲ್ಲೇ ತಳ್ಳಿ. ವೇಗ ಇಳಿಯತೊಡಗಿದಾಗ ವಾಲ್ವ್ ನಿಧಾನಕ್ಕೆ ತೆರೆಯಿರಿ. ಇದೆಲ್ಲ ಡಿಐಟಿ (ಡಕ್ಟ್ ಸೋರದೆ, ಅಡ್ಡಿಯಿಲ್ಲದೆ ಇದೆಯಾ ಅಂತ ನೋಡುವ ಪರೀಕ್ಷೆ) ಪಾಸಾದ ಡಕ್ಟ್‌ಗೆ ಮಾತ್ರ. ಆಚೆ ತುದಿ ಮುಚ್ಚಿ 5 ಬಾರ್ ತುಂಬಿ ಒಂದು ಗಂಟೆ ಬಿಟ್ಟರೆ ಅರ್ಧ ಬಾರ್‌ಗಿಂತ ಹೆಚ್ಚು ಇಳಿಯಬಾರದು. ಒಳವ್ಯಾಸದ 80% ದಪ್ಪದ ಶಟಲ್ (ಡಕ್ಟ್ ಒಳಗೆ ಗಾಳಿಯಲ್ಲಿ ಓಡಿಸುವ ಗಟ್ಟಿ ತುಂಡು), ಅಂದರೆ ನಿಮ್ಮ ಡಕ್ಟ್‌ಗೆ 26 ಮಿ.ಮೀ.ನದು, ಎಲ್ಲೂ ತಡೆಯದೆ ಆಚೆ ಬೀಳಬೇಕು.

ಶಿರಸಿ ಸ್ಪ್ಲೈಸರ್: ಸರ್, ಮೆಷಿನ್ ಹತ್ತಿರವೇ ಕೇಬಲ್ ಮಡಚಿಕೊಂಡು ಜಾಕೆಟ್ (ಹೊರ ಹೊದಿಕೆ) ಸುಕ್ಕಾಯಿತು. ಕೈಯಲ್ಲಿ ನೆಟ್ಟಗೆ ಮಾಡಿ ಮುಂದುವರಿಸಬಹುದಾ?

ಟ್ರೈನರ್: ಬೇಡ. ಸುಕ್ಕಾದ ಭಾಗ ಕತ್ತರಿಸಿ ಹೊಸ ತಲೆ ಕಟ್ಟಿ. ಡ್ರಮ್ ಮಧ್ಯದಲ್ಲಿ ಹಾಗಾಗಿದ್ದರೆ ಓಟಿಡಿಆರ್ (ಫೈಬರ್‌ಗೆ ಬೆಳಕು ಬಿಟ್ಟು ಎಲ್ಲಿ ಎಷ್ಟು ನಷ್ಟ ಅಂತ ತೋರಿಸುವ ಮೀಟರ್) ಹಾಕಿ 1310, 1550 ನ್ಯಾನೋಮೀಟರ್ ತರಂಗಾಂತರ ಎರಡರಲ್ಲೂ ನೋಡಿ. ಅದೇ ಜಾಗದಲ್ಲಿ 1550ರ ನಷ್ಟ ಹೆಚ್ಚಿದ್ದರೆ ಒಳಗೆ ಫೈಬರ್ ಬಾಗಿದೆ ಎಂದರ್ಥ. ಹೀಗಾಗಿದ್ದು ಕ್ರ್ಯಾಶ್ ಟೆಸ್ಟ್ (ಕೇಬಲ್ ಎಷ್ಟು ತಳ್ಳಿದರೆ ಬಾಗುತ್ತದೆ ಅಂತ ಮೊದಲೇ ನೋಡುವುದು) ಮಾಡದ್ದಕ್ಕೆ. ಅದನ್ನು ಹೀಗೆ ಮಾಡಿ: ಅದೇ ಕೇಬಲ್ಲಿನ ತುದಿಯನ್ನು ಆಚೆ ಬದಿ ಮುಚ್ಚಿದ ಗಿಡ್ಡ ಡಕ್ಟ್ ತುಂಡಿಗೆ ತಳ್ಳಿ. ಕೇಬಲ್ ತಡೆಗೆ ತಾಗಿ ನಿಂತ ಮೇಲೆ ಹೈಡ್ರಾಲಿಕ್ ಪ್ರೆಷರ್ ಸ್ವಲ್ಪಸ್ವಲ್ಪವೇ ಏರಿಸಿ. ಕೇಬಲ್ ಬಾಗತೊಡಗಿದ ಅಂಕಿ ಬರೆದುಕೊಂಡು ಪ್ರೆಷರ್ ಮಿತಿ ಕಟ್ಟುವ ರಿಲೀಫ್ ವಾಲ್ವನ್ನು ಅದಕ್ಕಿಂತ 15–20% ಕೆಳಗೆ ಕಟ್ಟಿ. ಟೆಸ್ಟ್‌ಗೆ ಬಳಸಿದ ತುದಿ ಬಿಸಾಕಿ. ಡ್ರಮ್‌ನ ಕಂಪನಿ ಬದಲಾದರೆ ಟೆಸ್ಟ್ ಮತ್ತೆ ಮಾಡಿ.

ಕಲಬುರಗಿ ಬ್ಲೋಯಿಂಗ್: ಸರ್, ನಮ್ದೊಂದು ವಿಚಿತ್ರ ಕೇಸ್ ಅದರೀ. 40/33 ಡಕ್ಟ್, 1,080 ಮೀಟರ್. 48 ಫೈಬರ್, 13.5 ಮಿ.ಮೀ. 400 ಸಿಎಫ್‌ಎಂ. ಮುಂಜಾನೆ ಹೊಡೆದ್ರ 900 ದಾಟತದ. ಮಧ್ಯಾಹ್ನ ಹೊಡೆದ್ರ 640ರ ಹತ್ರ ನಿಂತೇ ಬಿಡತದ. ಡಕ್ಟ್ ಅದೇ, ಕೇಬಲ್ ಅದೇ. ಡಿಐಟಿ ಪಾಸ್ ಆಗೇದ.

ಟ್ರೈನರ್: ಧಡಕ್ಕನೆ ನಿಲ್ಲುತ್ತಾ, ವೇಗ ಇಳಿದು ಇಳಿದು ನಿಲ್ಲುತ್ತಾ? ಕಂಪ್ರೆಸರ್ ಗೇಜ್ ಎಷ್ಟು, ಮೆಷಿನ್ ಗೇಜ್ ಎಷ್ಟು? ಕೂಲರ್ ಇದೆಯಾ? ಎರಡು ಯತ್ನದ ನಡುವೆ ಕೇಬಲ್ ಎಲ್ಲಿರುತ್ತದೆ?

ಕಲಬುರಗಿ ಬ್ಲೋಯಿಂಗ್: ಇಳಿದು ಇಳಿದು ನಿಲ್ಲತದರೀ. ನಿಮಿಷಕ್ಕ 60 ಮೀಟರಿಂದ 15ಕ್ಕೆ ಬಂದು ಕಡೀಕ ನಿಲ್ಲತದ. ಕಂಪ್ರೆಸರ್ 10, ಮೆಷಿನ್ 8. ಕೂಲರ್ ಇಲ್ಲ. ಹಿಂದಕ್ಕ ಎಳೆದ ಕೇಬಲ್ ರೋಡ್ ಬಾಜೂಕ ಎಂಟರ ಆಕಾರದಾಗ ಹಾಕಿರ್ತೀವಿ.

ಮಂಗಳೂರು ಕೇಬಲ್: ಇದಕ್ಕೆ ಸುಲಭದ್ದುಂಟು ಮಾರಾಯ್ರೆ. ಒಂದು ಫಾರ್ವರ್ಡ್ ಬಂದಿತ್ತು: ಬಟ್ಟೆ ಸೋಪಿನ ಪುಡಿ, ಶಾಂಪೂ, ಒಂದು ಲೀಟರ್ ತೆಂಗಿನೆಣ್ಣೆ ಕಲಸಿ ಡಕ್ಟಿಗೆ ಹೊಯ್ಯುವುದು. ಬೆಣ್ಣೆಯ ಹಾಗೆ ಹೋಗ್ತದಂತೆ.

ಟ್ರೈನರ್: ಕಲಬುರಗಿಯವರೇ, ನಿಮ್ಮದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯಬೇಕು. ನಿಧಾನಕ್ಕೆ ನಿಂತಿದೆ ಎಂದರೆ ಡಕ್ಟ್ ಚಪ್ಪಟೆಯಾಗಿಲ್ಲ, ಕಲ್ಲು ಅಡ್ಡ ಕೂತಿಲ್ಲ. ಹಾಗಿದ್ದರೆ ಮುಂಜಾನೆಯೂ ಅಲ್ಲೇ ನಿಲ್ಲುತ್ತಿತ್ತು. ಡಕ್ಟ್ ನೆಲದಡಿ ಒಂದೂವರೆ ಮೀಟರ್ ಆಳದಲ್ಲಿದ್ದರೆ ಮುಂಜಾನೆಗೂ ಮಧ್ಯಾಹ್ನಕ್ಕೂ ಅದರ ಬಿಸಿ ಬದಲಾಗುವುದಿಲ್ಲ. ಬದಲಾಗುವುದು ನೆಲದ ಮೇಲಿರುವುದು: ಗಾಳಿ, ಕೇಬಲ್, ಲೂಬ್ರಿಕೆಂಟ್.

ಗಾಳಿ: ಸ್ಕ್ರೂ ಕಂಪ್ರೆಸರ್‌ನಿಂದ ಗಾಳಿ 80–90 ಡಿಗ್ರಿಯಲ್ಲಿ ಹೊರಡುತ್ತದೆ. ಕೂಲರ್ ಇಲ್ಲದೆ ಹಾಗೇ ಬಿಟ್ಟರೆ ಡಕ್ಟ್‌ನ ಬಾಯಿ, ಕೇಬಲ್ ಜಾಕೆಟ್ ಎರಡೂ ಮೆತ್ತಗಾಗುತ್ತವೆ. ಮೆತ್ತನೆ ಪಾಲಿಥಿನ್ ಮೇಲೆ ಮೆತ್ತನೆ ಪಾಲಿಥಿನ್ ಜಾರುವುದಿಲ್ಲ, ಹಿಡಿಯುತ್ತದೆ. ಮೇಲಾಗಿ ಆ ಗಾಳಿಯಲ್ಲಿರುವ ನೀರಿನ ಆವಿ ತಣ್ಣನೆ ಡಕ್ಟ್ ಸೇರಿದ ಮೇಲೆ ಹನಿಯಾಗಿ ಲೂಬ್ರಿಕೆಂಟ್ ತೊಳೆಯುತ್ತದೆ. ಕೂಲರ್, ಅದರ ಹಿಂದೆ ನೀರು ಬಸಿಯುವ ಸೆಪರೇಟರ್, ಎರಡೂ ಬೇಕು. ಮೆಷಿನ್‌ಗೆ ಸೇರುವ ಗಾಳಿ ಹೊರಗಿನ ಬಿಸಿಗಿಂತ 10 ಡಿಗ್ರಿಯೊಳಗೆ ಹೆಚ್ಚಿರಲಿ.

ನನಗೆ ಇದಕ್ಕಿಂತ ಹೆಚ್ಚು ಅನುಮಾನ ಬೇರೆ ಕಡೆ. ನಿಮ್ಮ ಮಧ್ಯಾಹ್ನದ ಯತ್ನ ಯಾವಾಗಲೂ ಎರಡನೆಯದು. ಮುಂಜಾನೆ ಹಾಕಿದ ಲೂಬ್ರಿಕೆಂಟ್ ಅಷ್ಟರಲ್ಲಿ ಒರೆಸಿಹೋಗಿರುತ್ತದೆ. ಹಿಂದಕ್ಕೆಳೆದ ಕೇಬಲ್ ಮೈಗೆ ಅಂಟು ಹತ್ತಿರುತ್ತದೆ, ಅದನ್ನು ರಸ್ತೆ ಬದಿ ಮಣ್ಣಲ್ಲಿ ಹಾಕುತ್ತೀರಿ. ಆ ದೂಳು ಹೊತ್ತ ಕೇಬಲ್ಲೇ ಮತ್ತೆ ಒಳಗೆ ಹೋಗುತ್ತದೆ. ಬಿಸಿಲು ಕಾರಣವೋ, ಎರಡನೇ ಯತ್ನವೇ ಕಾರಣವೋ ನಿಮ್ಮ ಲೆಕ್ಕದಲ್ಲಿ ಬೇರೆಯಾಗಿಲ್ಲ.

ನಾಳೆ ಮುಂಜಾನೆ ಮೆಷಿನ್ ಮುಟ್ಟಬೇಡಿ. ಸ್ಪಂಜ್ ಹೊಡೆದು ಡಕ್ಟ್ ಒರೆಸಿ, ಒಣ ಸ್ಪಂಜ್ ಆಚೆ ತುದಿಗೆ ಒಣಗಿಯೇ ಬರುವ ತನಕ. ಕೇಬಲ್ ಟಾರ್ಪಾಲ್ ಮೇಲಿರಲಿ, ಮೇಲೆ ನೆರಳಿರಲಿ. ಮಧ್ಯಾಹ್ನ ಮೊದಲನೇ ಯತ್ನ ಮಾಡಿ: ಬ್ಲೋಯಿಂಗ್‌ಗೆಂದೇ ಬರುವ ಲೂಬ್ರಿಕೆಂಟ್ ಅರ್ಧ ಲೀಟರ್ ಸುರಿದು ಹಿಂದೆ ಒಂದು ಸ್ಪಂಜ್ ಓಡಿಸಿ ಹರಡಿ, ಕೇಬಲ್ ಒಳಹೋಗುವಾಗ ಒಬ್ಬರು ಒಣಬಟ್ಟೆಯಲ್ಲಿ ಒರೆಸುತ್ತಿರಲಿ. 900 ದಾಟಿದರೆ ತಪ್ಪು ದೂಳಿನದು. ಆಗಲೂ 640ಕ್ಕೇ ನಿಂತರೆ ಕೂಲರ್ ಬಾಡಿಗೆಗೆ ತನ್ನಿ. ಎರಡು ಬಾರ್ ಎಲ್ಲಿ ಹೋಗುತ್ತಿದೆ ಅಂತಲೂ ನೋಡಿ. ಹೋಸ್ ಸಣ್ಣದೋ ಉದ್ದವೋ ಇರಬೇಕು, ಇಲ್ಲವೇ ಕೇಬಲ್ ಸೀಲ್ ಸವೆದು ಹಿಂದಕ್ಕೆ ಗಾಳಿ ಬಿಡುತ್ತಿದೆ. 13.5ರ ಕೇಬಲ್‌ಗೆ 15ರ ಸೀಲ್ ಹಾಕಿ ಇನ್ಸುಲೇಷನ್ ಟೇಪ್ ಸುತ್ತಿದ್ದೀರಾ?

ಕಲಬುರಗಿ ಬ್ಲೋಯಿಂಗ್: ಟೇಪ್ ಸುತ್ತೇವ್ರೀ...

ಟ್ರೈನರ್: ತೆಗೆಯಿರಿ. ಸರಿಯಾದ ಸೀಲ್ ತರಿಸಿ.

ಮಂಗಳೂರಿನವರಿಗೆ: ಪಾಲಿಥಿನ್ ಎಷ್ಟು ಬೇಗ ಬಿರಿಯುತ್ತದೆ ಅಂತ ಲ್ಯಾಬ್‌ನಲ್ಲಿ ನೋಡುವುದೇ ಅದನ್ನು ಬಾಗಿಸಿ ಡಿಟರ್ಜೆಂಟ್ ದ್ರಾವಣದಲ್ಲಿ ಅದ್ದಿ. ನೀವು ಅದನ್ನೇ ಡಕ್ಟ್‌ಗೆ ಸುರಿಯುತ್ತೀರಿ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಘಟ್ಟದ ಮೇಲೆ ಡಕ್ಟ್ ಒಳಗೆ ಮುದ್ದೆ ಕಟ್ಟುತ್ತದೆ. ಡೀಸೆಲ್, ಗ್ರೀಸ್, ಹಳೇ ಎಂಜಿನ್ ಆಯಿಲ್ ಬಗ್ಗೆಯೂ ಯಾರೂ ಕೇಳಬೇಡಿ.

ಬಳ್ಳಾರಿ ಟೆಲಿಕಾಂ: ಸರ್ 40/33 ಡಕ್ಟ್‌ಗೆ ಪ್ರೆಷರ್ ಎಷ್ಟು?

ಟ್ರೈನರ್: ಮೇಲಿದೆ.

ಮೈಸೂರು ಲೈನ್‌ಮನ್: ಸಂಜೆ ಬೆಲ್ಟ್ ತೊಳೆಯೋಕೆ ಡೀಸೆಲ್ ಹಾಕಬಹುದಾ ಸರ್? ಬೆಲ್ಟ್ ಜಾರ್ತಿದೆ.

ಟ್ರೈನರ್: ಡೀಸೆಲ್‌ಗೆ ರಬ್ಬರ್ ಉಬ್ಬುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಜಾರುತ್ತಿದೆಯಾ ಅಂತ ತಿಳಿಯಲು ಮೀಟರ್ ಕೌಂಟರ್ ನಂಬಬೇಡಿ, ಜಾಕೆಟ್ ಮೇಲೆ ಅಚ್ಚಾದ ಮೀಟರ್ ಅಂಕಿ ಜೊತೆ ಹೋಲಿಸಿ. ಸವೆದಿದ್ದರೆ ಮೇಲಿನದು ಕೆಳಗಿನದು ಎರಡನ್ನೂ ಒಟ್ಟಿಗೆ ಬದಲಿಸಿ. ಬೆಲ್ಟ್ ಬಿಗಿ ಹೆಚ್ಚಿಸಿದರೆ ಜಾರುವುದು ನಿಂತೀತು, ಕೇಬಲ್ ಮಾತ್ರ ಚಪ್ಪಟೆಯಾದೀತು. ಹೈಡ್ರಾಲಿಕ್ ಹೋಸ್ ಬಿಚ್ಚಿದ ಕೂಡಲೇ ಕಪ್ಲಿಂಗ್‌ಗೆ ದೂಳಿನ ಟೋಪಿ ಹಾಕಿ. ಪಂಪ್ ಕೆಡುವುದು ಅಲ್ಲಿಂದ ನುಗ್ಗುವ ಮಣ್ಣಿಗೆ.

ಮಂಗಳೂರು ಕೇಬಲ್: ಇಷ್ಟೆಲ್ಲ ಯಾಕೆ? ಹಗ್ಗ ಕಟ್ಟಿ ಹತ್ತು ಜನ ಎಳೆದ್ರೆ ಆಯ್ತಲ್ಲ. ಮೊದಲು ಹಾಗೆಯೇ ಮಾಡ್ತಿದ್ದದ್ದು.

ತುಮಕೂರು ಒಎಫ್‌ಸಿ: ಅದಕ್ಕೇ ಹಳೇ ರೂಟಲ್ಲಿ ಕಟ್ ಜಾಸ್ತಿ ಗುರು. ತಿರುವಿದ್ರೆ ಎಳೆತ ಗುಣಿಸ್ತಾ ಹೋಗತ್ತೆ. ಘರ್ಷಣೆ 0.2 ಅಂದ್ಕೊಂಡ್ರೂ ಒಂದು 90 ಡಿಗ್ರಿ ತಿರುವಿಗೆ 1.37 ಪಟ್ಟು, ನಾಲ್ಕು ತಿರುವಿಗೆ ಮೂರೂವರೆ ಪಟ್ಟು. ಹತ್ತು ಜನ ಎಳೆದದ್ದು ಎಷ್ಟು ಕೆ.ಜಿ. ಅಂತ ಅಳತೆ ಮಾಡೋರು ಯಾರು?

ಮಂಗಳೂರು ಕೇಬಲ್: ಪುಸ್ತಕ ಓದಿ ಹೇಳುವುದು ಬೇರೆ, ಚೇಂಬರ್‌ಗೆ ಇಳಿಯುವುದು ಬೇರೆ.

ತುಮಕೂರು ಒಎಫ್‌ಸಿ: ತೆಂಗಿನೆಣ್ಣೆ ಹೊಯ್ಯೋದು ಯಾವ ಪುಸ್ತಕದಲ್ಲಿದೆ ಸ್ವಾಮಿ?

ಶಿರಸಿ ಸ್ಪ್ಲೈಸರ್: ಇಬ್ಬರೂ ಸಾಕು ಮಾಡಿ. ಸರ್, 14/10 ಮೈಕ್ರೋಡಕ್ಟ್‌ಗೆ ಇದೇ ಮೆಷಿನ್ ಆಗತ್ತಾ?

ಮೈಸೂರು ಲೈನ್‌ಮನ್: ಮೆಷಿನ್ ಬಾಡಿಗೆ ದಿನಕ್ಕೆ ಎಷ್ಟು ನಡೀತಿದೆ ಈಗ? ಯಾರಾದ್ರೂ ಹೇಳಿ.

ಚಿತ್ರದುರ್ಗ ಸೈಟ್: ಸರ್, ಅರ್ಜೆಂಟ್. 700 ಮೀಟರ್‌ನಲ್ಲಿ ಮಿಸೈಲ್ (ಕೇಬಲ್ ತಲೆಗೆ ಕಟ್ಟಿ ಗಾಳಿ ತಳ್ಳುವ ಬಿರಡೆ) ಕಚ್ಚಿಕೊಂಡಿದೆ. 40/33. ನಮ್ಮ ಕಂಪ್ರೆಸರ್ 10 ಬಾರ್‌ಗೂ ಜಗ್ಗುತ್ತಿಲ್ಲ. ಪಕ್ಕದ ತೋಟದಲ್ಲಿ ಬೋರ್‌ವೆಲ್ ಲಾರಿ ನಿಂತಿದೆ, ಅದರ ಕಂಪ್ರೆಸರ್ 20 ಬಾರ್ ಕೊಡತ್ತಂತೆ. ಹುಡುಗ ಆಚೆ ತುದಿಯಲ್ಲಿ ಕೂತು ನೋಡ್ತಿದಾನೆ. ಹೊಡೆಸಲಾ?

ಟ್ರೈನರ್: ಬೇಡ. ಮೊದಲು ಹುಡುಗನಿಗೆ ಫೋನ್ ಮಾಡಿ ಚೇಂಬರ್‌ನಿಂದ ಮೇಲಕ್ಕೆ ಹತ್ತಿಸಿ, ಡಕ್ಟ್ ಬಾಯಿಯ ನೇರದಿಂದ ಪಕ್ಕಕ್ಕೆ ನಿಲ್ಲಿಸಿ. ಮಾಡಿದ ಮೇಲೆ ಮುಂದೆ ಓದಿ.

33 ಮಿ.ಮೀ. ಬಾಯಿಯ ವಿಸ್ತೀರ್ಣ 8.5 ಚದರ ಸೆಂ.ಮೀ. 10 ಬಾರ್‌ನಲ್ಲಿ ಮಿಸೈಲ್ ಬೆನ್ನಿಗೆ ಬೀಳುವುದು 85 ಕೆ.ಜಿ., 20 ಬಾರ್‌ನಲ್ಲಿ 170. ಅದು ತಟ್ಟನೆ ಬಿಟ್ಟುಕೊಂಡರೆ ಎದುರಿಗೆ ಮುಖ ಇಟ್ಟವನ ಗತಿ ಯೋಚಿಸಿ. ನಿಮ್ಮ 700 ಮೀಟರ್ ಡಕ್ಟ್ 600 ಲೀಟರಿನ ಗಾಳಿ ಟ್ಯಾಂಕ್ ಆಗಿ ನಿಂತಿದೆ, ಅದರಲ್ಲಿ ಈಗಲೂ 10 ಬಾರ್ ಇದೆ. ಡಕ್ಟ್ ತುಂಡು ಜೋಡಿಸುವ ಕಪ್ಲರ್‌ಗಳು ಬೋರ್‌ವೆಲ್ ಗಾಳಿಗೆ ಮಾಡಿದವಲ್ಲ. ನಡುವೆ ಒಂದು ಬಿಚ್ಚಿಕೊಂಡರೆ ಮಣ್ಣು ಸಮೇತ ಏಳುತ್ತದೆ, ಆಮೇಲೆ ಎಲ್ಲಿ ಬಿಚ್ಚಿತು ಅಂತ ಅಗೆಯುತ್ತಾ ಹೋಗಬೇಕು.

ಕಂಪ್ರೆಸರ್ ವಾಲ್ವ್ ಮುಚ್ಚಿ. ಮೆಷಿನ್ ಬದಿಯ ಬ್ಲೀಡ್ ವಾಲ್ವ್‌ನಿಂದ ಗಾಳಿ ಬಿಡಿ, ಗೇಜ್ ಸೊನ್ನೆಗೆ ಬಂದರೂ ಹತ್ತು ನಿಮಿಷ ಕಾಯಿರಿ, ಯಾಕೆಂದರೆ ದೂರದ ಗಾಳಿ ಹಿಂದಕ್ಕೆ ಬರಬೇಕು. ಅಲ್ಲಿವರೆಗೆ ಕ್ಲ್ಯಾಂಪ್ ಬಿಚ್ಚಬೇಡಿ, ಯಾವ ಕಾರಣಕ್ಕೂ ಡಕ್ಟ್‌ಗೆ ಗರಗಸ ಹಾಕಬೇಡಿ. ಆಮೇಲೆ ಜಾಕೆಟ್ ಮೇಲಿನ ಅಂಕಿ ಓದಿ: ಈಗ ಮೆಷಿನ್ ಬಾಯಲ್ಲಿರುವುದಕ್ಕೂ ಶುರುವಲ್ಲಿದ್ದುದಕ್ಕೂ ಇರುವ ವ್ಯತ್ಯಾಸವೇ ಮಿಸೈಲ್ ಇರುವ ದೂರ. ರಸ್ತೆಯಲ್ಲಿ ಅಷ್ಟು ಅಳೆದು ನೋಡಿ. ಅಲ್ಲಿ ಕಲ್ವರ್ಟ್, ಹೊಸ ಕಂಬ, ಜೆಸಿಬಿ ಗುರುತು ಏನಾದರೂ ಕಾಣುತ್ತದೆ. ಕೇಬಲ್ ಪೂರ್ತಿ ಹಿಂದಕ್ಕೆಳೆದು, ಮಿಸೈಲ್ ಬಿಚ್ಚಿ, ಅದಿಲ್ಲದೆ ಒಮ್ಮೆ ಯತ್ನಿಸಿ. ಅಲ್ಲೇ ನಿಂತರೆ ಅಗೆದು ಡಕ್ಟ್ ತುಂಡು ಬದಲಿಸುವುದೇ ದಾರಿ. ಶಟಲ್ ಹೊಡೆದಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು.

ಚಿತ್ರದುರ್ಗ ಸೈಟ್: ಹುಡುಗ ಮೇಲೆ ಬಂದ ಸರ್. ಗಾಳಿ ಬಿಡ್ತಾ ಇದೀವಿ. ಶಟಲ್ ಹೊಡೆದಿರಲಿಲ್ಲ, ಪೈಪ್ ಹೊಸದು ಅಂತ.

ಮಂಗಳೂರು ಕೇಬಲ್: 15 ಬಾರ್‌ವರೆಗೆ ಏನೂ ಆಗುದಿಲ್ಲ, ನಾವು ಕೊಟ್ಟದ್ದುಂಟು.

ಟ್ರೈನರ್: ಅಡ್ಮಿನ್, ಈ ಸಂದೇಶ ಅಳಿಸಿ. ಯಾರಾದರೂ ಓದಿ ಮಾಡಿಬಿಡುತ್ತಾರೆ.

ಮಂಗಳೂರು ಕೇಬಲ್: ಅನುಭವ ಹೇಳಿದ್ರೆ ಅಳಿಸುವುದಾ?

ಅಡ್ಮಿನ್: ಅಳಿಸಿದ್ದೇನೆ.

ಬಳ್ಳಾರಿ ಟೆಲಿಕಾಂ: ಮೇಲೆ ಅಂದ್ರೆ ಎಲ್ಲಿ ಸರ್? 8 ಬಾರ್ ಕಂಪ್ರೆಸರ್‌ನಲ್ಲಾ, ಮೆಷಿನ್‌ನಲ್ಲಾ?

ಟ್ರೈನರ್: ಮೆಷಿನ್‌ನಲ್ಲಿ.

ಶಿರಸಿ ಸ್ಪ್ಲೈಸರ್: ಸರ್, ಮೈಕ್ರೋಡಕ್ಟ್ ಕೇಳಿದ್ದೆ.